ಸೀದದ್ದೋ, ಕಮರೋ, ಘಾಟೋ?

ಚಾರ್ಮಾಡಿ ಘಾಟಿಯ ಬುಡದಲ್ಲಿ ಇಪ್ಪತ್ತೆಂಟು ವರ್ಷ ಗ್ಯಾರೇಜು ನಡೆಸಿದವನು ನಾನು. ಕೊಟ್ಟಿಗೆಹಾರದಿಂದ ತಿರುವುಗಳನ್ನು ಇಳಿದು ಬಂದ ಕಾರು ನಮ್ಮ ಅಂಗಳದಲ್ಲಿ ನಿಂತರೆ, ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಂದು ಮಾತು ಹೊರಗೆ ಬರುತ್ತಿತ್ತು: 'ಏನೋ ಸುಟ್ಟ ವಾಸನೆ, ಸ್ವಲ್ಪ ನೋಡಿ.' ನಾನು ಕೇಳುತ್ತಿದ್ದದ್ದೂ ಒಂದೇ ಪ್ರಶ್ನೆ: 'ಎಂಥಾ ವಾಸನೆ?' ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಸುಟ್ಟದ್ದು ಎಂದರೆ ಸುಟ್ಟದ್ದೇ ಅಲ್ಲವೇ, ಅದರಲ್ಲಿ ಎಂಥಾದ್ದು ಅಂತ ಬೇರೆ ಇದೆಯೇ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಇದೆ. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದೆ. ಒಲೆಯ ಮೇಲಿನ ಹಾಲು ತಳ ಹಿಡಿದರೆ ಸೀದ ವಾಸನೆ ಅನ್ನುತ್ತೇವೆ. ಬಾಣಲೆಯ ಎಣ್ಣೆ ಮಿತಿ ಮೀರಿ ಕಾದರೆ ಕಮರು. ಒಗ್ಗರಣೆಗೆ ಹಾಕಿದ ಒಣಮೆಣಸು ಕರಕಾದರೆ ಘಾಟು. ಜಗಲಿಯಲ್ಲಿ ಪೇಪರು ಓದುತ್ತ ಕೂತವನು ಕೂಡ ಎದ್ದು ಹೋಗಿ ನೋಡದೆಯೇ 'ಹಾಲು ಸೀದುಹೋಯಿತು' ಎಂದು ಕೂಗಿ ಹೇಳಬಲ್ಲ. ಅದೇ ಮನುಷ್ಯ ಕಾರಿನಲ್ಲಿ ಕೂತ ಕೂಡಲೇ ಈ ಎಲ್ಲ ಮಾತುಗಳನ್ನೂ ಮರೆತು 'ಸುಟ್ಟ ವಾಸನೆ' ಎಂಬ ಒಂದೇ ಮಾತಿಗೆ ಬಂದು ನಿಲ್ಲುತ್ತಾನೆ. ಬಾನುಲಿಯಲ್ಲಿ ದನಿ ಮುಟ್ಟಿಸಬಹುದು, ವಾಸನೆ ಮುಟ್ಟಿಸಲಾಗದು. ಆದ್ದರಿಂದ ನಿಮ್ಮ ಅಡುಗೆಮನೆಯ ಮಾತುಗಳನ್ನೇ ಕಡ ತಂದು ಈ ಹೊತ್ತು ಮಾತಾಡುತ್ತೇನೆ.

ಮೊದಲಿಗೆ, ವಾಸನೆ ನಮ್ಮ ಕಾರಿನದ್ದೇ ಎಂದು ಗೊತ್ತುಮಾಡಿಕೊಳ್ಳಬೇಕು. ಘಟ್ಟದಲ್ಲಿ ಮುಂದೆ ಸರಕು ತುಂಬಿದ ಲಾರಿ ಇಳಿಯುತ್ತಿದ್ದರೆ ಅದರ ಬ್ರೇಕಿನ ವಾಸನೆ ಹಿಂದಿನ ಕಾರುಗಳವರನ್ನೆಲ್ಲ ಗಾಬರಿಪಡಿಸುತ್ತದೆ. ಎಸಿಯ ಗುಂಡಿಗಳ ಸಾಲಿನಲ್ಲಿ, ಹೊರಗಾಳಿ ತಡೆದು ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯೊಂದು ಇರುತ್ತದಲ್ಲ, ಅದನ್ನು ಒತ್ತಿ ಎರಡು ನಿಮಿಷ ಕಾಯಿರಿ. ವಾಸನೆ ತಗ್ಗಿತೆಂದರೆ ಅದು ರಸ್ತೆಯಿಂದಲೋ ಇಂಜಿನ್ನಿನ ಕಡೆಯಿಂದಲೋ ಬರುತ್ತಿದೆ; ಹೊರಗಾಳಿ ಒಳಬರುವ ಬಾಯಿ ಇರುವುದು ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಬೆನ್ನಿಗೇ. ತಗ್ಗದೆ ದಟ್ಟವಾಯಿತೆಂದರೆ ಮೂಲ ಡ್ಯಾಶ್‌ಬೋರ್ಡಿನ ಹಿಂದೆಯೋ ಸೀಟಿನ ಕೆಳಗೋ, ನಿಮ್ಮ ಜೊತೆಗೇ ಇದೆ.

ಇನ್ನೊಂದು ಮಾತು. ಮೂಗಿಗೆ ಬೇಗ ರೂಢಿಯಾಗಿಬಿಡುತ್ತದೆ. ಐದು-ಹತ್ತು ನಿಮಿಷ ಒಂದೇ ವಾಸನೆಯಲ್ಲಿ ಕೂತರೆ ಅದು ಇಲ್ಲವೆಂದೇ ಅನಿಸುತ್ತದೆ. ಓಡಿಸುವವನು 'ಈಗ ಹೋಯಿತು' ಅಂದುಕೊಂಡಾಗಲೇ, ದಾರಿಯಲ್ಲಿ ಹತ್ತಿದವರು 'ಇದೇನು ವಾಸನೆ' ಅನ್ನುತ್ತಾರೆ. ಹೊಸದಾಗಿ ಹತ್ತಿದವರ ಮೂಗನ್ನು ನಂಬಿ. ಇಲ್ಲವೇ ಇಳಿದು ನಾಲ್ಕು ಹೆಜ್ಜೆ ನಡೆದು, ಒಳ್ಳೆಯ ಗಾಳಿ ಕುಡಿದು ಬಂದು ಮತ್ತೆ ಮೂಸಿ ನೋಡಿ. ಡ್ಯಾಶ್‌ಬೋರ್ಡಿನ ಮೇಲೆ ಕಡು ಸುಗಂಧದ ಬಾಟಲಿ ಇಡುವುದು ನನಗೆ ಒಂಚೂರೂ ಇಷ್ಟವಿಲ್ಲ. ಕಾರು ಹೇಳುವ ಮೊದಲ ಮಾತನ್ನೇ ಅದು ಮುಚ್ಚಿಹಾಕುತ್ತದೆ.

ನಮ್ಮೂರಿನ ವಾಸನೆಯಿಂದಲೇ ಶುರುಮಾಡುತ್ತೇನೆ. ಘಟ್ಟ ಇಳಿದ ಕಾರಿನ ಚಕ್ರದ ಹತ್ತಿರ ಬರುವ ವಾಸನೆಯನ್ನು ಸಾಣೆಕಲ್ಲಿಗೆ ಹೋಲಿಸಬಹುದು. ಕತ್ತಿಯನ್ನು ಸಾಣೆಗೆ ಒತ್ತಿ ಹಿಡಿದಾಗ ಏಳುವ ಕಾದ ಕಬ್ಬಿಣದ ವಾಸನೆಯ ಜೊತೆಗೆ ಒಂದಿಷ್ಟು ರಾಳ ಸುಟ್ಟ ಹಾಗೆ. ಬ್ರೇಕ್ ಪ್ಯಾಡಿನ ಪುಡಿಗಳನ್ನು ಅಂಟಿಸಿ ಹಿಡಿದಿರುವುದು ರಾಳವೇ. ಶಾಖ ಅತಿಯಾದರೆ ಆ ರಾಳ ಬೆಂದು ಆವಿ ಬಿಡುತ್ತದೆ, ಪ್ಯಾಡು ಡಿಸ್ಕನ್ನು ಕಚ್ಚಿ ಹಿಡಿಯುವುದಿಲ್ಲ. ಎಷ್ಟು ಶಾಖ ಅಂತೀರಿ? ಐದು ಜನ, ಸಾಮಾನು ಎಲ್ಲ ಸೇರಿ ಒಂದೂವರೆ ಸಾವಿರ ಕಿಲೊ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ, ಆ ಇಳಿತದ ಶಕ್ತಿಯೆಲ್ಲ ಶಾಖವಾದಾಗ 20 ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಸಬಲ್ಲದು. ಸ್ನಾನದ ಹಂಡೆಗೆ ಎಷ್ಟು ಸೌದೆ ಬೇಕೆಂದು ಬಲ್ಲವರಿಗೆ ಇದರ ಅಂದಾಜು ಸಿಕ್ಕೀತು. ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಇಂಜಿನ್ನು ಹೊರುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅಷ್ಟನ್ನೂ ಅಂಗೈಯಗಲದ ಪ್ಯಾಡುಗಳು ಹೊರಬೇಕು.

ಹಳೆಯ ಲಾರಿ ಚಾಲಕರು ಹೇಳುತ್ತಿದ್ದ ಮಾತು ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಚಾರ್ಮಾಡಿಯ ತಿರುವುಗಳಲ್ಲಿ ಅದು ಎರಡನೆಯ ಗೇರು. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ ಹಾಕಿ ಇಳಿಯುವವರಿಗೆ ಕೈಮುಗಿದು ಹೇಳುತ್ತೇನೆ, ಉಳಿಯುವುದಿಲ್ಲ. ಇಂದಿನ ಇಂಜೆಕ್ಷನ್ ಇಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿದ್ದರೆ ಇಂಜಿನ್ನು ನಿಲ್ಲದಂತೆ ಇಂಧನ ಸುಡುತ್ತಲೇ ಇರಬೇಕು.

ಬ್ರೇಕಿನ ವಾಸನೆ ಬಂದರೆ ಹೆದರಿ ನಡುತಿರುವಿನಲ್ಲಿ ನಿಲ್ಲಿಸಬೇಡಿ. ಗೇರು ಇಳಿಸಿ, ಮೆಲ್ಲಗೆ ಅಗಲವಾದ ಸಮತಟ್ಟು ಜಾಗಕ್ಕೆ ಬನ್ನಿ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿನಲ್ಲಿಟ್ಟು, ಅರ್ಧ ಗಂಟೆ ಬಿಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದುಹಾಕಿ. ರಾತ್ರಿ ಬೈಕಿನವರು ಬರುತ್ತಾರೆ. ಕಾದ ಡಿಸ್ಕಿಗೆ ನೀರು ಸುರಿಯುವುದು ಮಾತ್ರ ಬೇಡವೇ ಬೇಡ. ಕೆಂಪಗೆ ಕಾದ ಕಾವಲಿಗೆ ನೀರೆರಚಿದರೆ ಏನಾಗುತ್ತದೋ ಡಿಸ್ಕಿಗೂ ಅದೇ ಆಗುತ್ತದೆ, ಬಾಗುತ್ತದೆ, ಸೀಳುತ್ತದೆ. ತಣಿದ ಮೇಲೆ ಹೊರಡುವ ಮುನ್ನ ಪೆಡಲನ್ನು ಒತ್ತಿ ನೋಡಿ. ಮೆತ್ತಗೆ ನೆಲದವರೆಗೆ ಹೋದರೆ ಹೊರಡಬೇಡಿ, ಬ್ರೇಕ್ ಎಣ್ಣೆ ಕುದಿದಿದೆ. ಆ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ಎಣ್ಣೆಗೆ ಹೊಸದರಲ್ಲಿ 205 ಡಿಗ್ರಿಯವರೆಗೆ ಕುದಿಯದ ತಾಕತ್ತು ಇರಬೇಕೆಂಬ ಕಟ್ಟಳೆ ಇದೆ. ನೀರು ಸೇರಿದ ಮೇಲೆ ಅದೇ ಕಟ್ಟಳೆ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಮಳೆಗಾಲ ಇಷ್ಟು ದೀರ್ಘವಾಗಿರುವ ನಮ್ಮ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ಹೇಗೆ?

ಘಟ್ಟವೂ ಇಲ್ಲ, ಇಳಿತವೂ ಇಲ್ಲ, ಊರೊಳಗೆ ಓಡಿಸಿ ಬಂದರೂ ಒಂದೇ ಚಕ್ರದಲ್ಲಿ ಅದೇ ವಾಸನೆ ಇದ್ದರೆ? ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕೆಂಡದ ಹಾಗೆ ಕಾಯುತ್ತಿದ್ದರೆ ಅಲ್ಲಿ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರು ಹಿಡಿದುಕೊಂಡಿದೆ. ಅದರ ಪಿನ್ನುಗಳು ತುಕ್ಕು ಹಿಡಿದಿರುತ್ತವೆ ಅಥವಾ ಪಿಸ್ಟನ್ನಿನ ರಬ್ಬರು ಹರಿದು ಮಣ್ಣು ಸೇರಿರುತ್ತದೆ. ಬಿಚ್ಚಿ, ಶುಚಿಮಾಡಿ, ಅದಕ್ಕೆಂದೇ ಇರುವ ಗ್ರೀಸು ಹಚ್ಚಿದರೆ ಎಷ್ಟೋ ಸಲ ಅಷ್ಟೇ ಸಾಕು. ಹಿಂದಿನ ಎರಡೂ ಚಕ್ರಗಳು ಕಾದಿದ್ದರೆ ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿಲ್ಲ. ಲಿವರು ಕೆಳಗಿದ್ದರೂ ಕೇಬಲ್ಲು ತುಕ್ಕಿನಿಂದ ಬಿಗಿದು ನಿಂತಿರುವುದನ್ನು ಕಡಲತಡಿಯ ಕಾರುಗಳಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ.

ಇಳಿಯುವಾಗಿನ ವಾಸನೆ ಬ್ರೇಕಿನದ್ದಾದರೆ ಹತ್ತುವಾಗಿನದ್ದು ಕ್ಲಚ್ಚಿನದ್ದು. ಎರಡೂ ಉಜ್ಜುವ ವಸ್ತುಗಳೇ, ಹಾಗಾಗಿ ವಾಸನೆಯಲ್ಲಿ ಅಣ್ಣತಮ್ಮಂದಿರು. ಕ್ಲಚ್ಚಿನದ್ದರಲ್ಲಿ ಸುಟ್ಟ ರಟ್ಟಿನ, ಸುಟ್ಟ ಗೋಣಿಯ ಛಾಯೆ ಸ್ವಲ್ಪ ಹೆಚ್ಚು. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಹ್ಯಾಂಡ್‌ಬ್ರೇಕು ಹಾಕದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ತೂಗಿ ಹಿಡಿಯುವವರಿಗೆ ಇದು ಬೇಗ ಪರಿಚಯವಾಗುತ್ತದೆ. ಒಮ್ಮೆ ಬಂದು ಹೋದರೆ ಚಿಂತೆಯಿಲ್ಲ. ದಿನವೂ ಬಂದರೆ, ಸಮತಟ್ಟಿನಲ್ಲಿ ಮುಂದೆ ಯಾರೂ ಇಲ್ಲದ ಕಡೆ ಹ್ಯಾಂಡ್‌ಬ್ರೇಕು ಬಿಗಿಯಾಗಿ ಎಳೆದು, ಮೂರನೆಯ ಗೇರು ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಇಂಜಿನ್ನು ತಟ್ಟನೆ ನಿಂತರೆ ಕ್ಲಚ್ಚು ಗಟ್ಟಿಯಿದೆ. ನಿಲ್ಲದೆ ಗುರುಗುಡುತ್ತಲೇ ಇದ್ದರೆ ಪ್ಲೇಟು ಸವೆದು ಜಾರುತ್ತಿದೆ. ಈ ಪರೀಕ್ಷೆ ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಇದೇ ಅದನ್ನು ಸುಡುತ್ತದೆ.

ರಬ್ಬರಿನ ವಾಸನೆಗೆ ಹೆಚ್ಚು ಹೊತ್ತು ಬೇಡ. ಬೆಲ್ಟು ಸಡಿಲವಾಗಿ ಜಾರಿದರೆ ಕಿರ್ರೆಂಬ ಸದ್ದೂ ಜೊತೆಗೇ ಬರುತ್ತದೆ. ಎಸಿ ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರನ್ನು ತೋರಿಸಿ. ರಸ್ತೆಯ ಮೇಲಿನ ಪ್ಲಾಸ್ಟಿಕ್ ಚೀಲ ಹಾರಿ ಬಿಸಿ ಸೈಲೆನ್ಸರಿಗೆ ಮೆತ್ತಿಕೊಂಡರೂ ಜೋರಾಗಿ ನಾರುತ್ತದೆ. ತಣಿದ ಮೇಲೆ ಕೆರೆದು ತೆಗೆದರೆ ಮುಗಿಯಿತು. ಕೊಳೆತ ಮೊಟ್ಟೆಯ ನಾತ ಬಂದರೆ ಮೊದಲು ಬ್ಯಾಟರಿಯನ್ನು ಅನುಮಾನಿಸಿ. 2020ರ ಏಪ್ರಿಲಿನಿಂದ ನಮ್ಮ ಇಂಧನದಲ್ಲಿ ಗಂಧಕವನ್ನು 10 ಪಿಪಿಎಂಗೆ ಇಳಿಸಿದ್ದಾರೆ, ಸೈಲೆನ್ಸರಿನಿಂದ ಆ ನಾತ ಬರುವುದು ಈಗ ಅಪರೂಪ. ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿ ಮಾತ್ರ ಈಗಲೂ ಹಾಗೆಯೇ ನಾರುತ್ತದೆ, ಮತ್ತು ಅದರಿಂದ ಹೈಡ್ರೋಜನ್ ಹೊರಡುತ್ತಿರುತ್ತದೆ. ಹತ್ತಿರ ಕಡ್ಡಿ ಗೀರಬೇಡಿ.

ಸಿಹಿ ವಾಸನೆಯ ವಿಷಯ ಬೇರೆ. ಬೆಲ್ಲದ ಪಾಕ ಉಕ್ಕಿ ಒಲೆಗೆ ಬಿದ್ದ ಹಾಗೆ ಬಂದರೆ ಕೂಲೆಂಟ್ ಸೋರಿ ಬಿಸಿ ಲೋಹದ ಮೇಲೆ ಬೀಳುತ್ತಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಕಾರಿನ ಕೆಳಗೆ ಹಸಿರೋ ಕೆಂಪೋ ಬಣ್ಣದ ನೀರು ನಿಂತಿದ್ದರೆ ಕೂಡಲೇ ತೊಳೆದುಬಿಡಿ, ಸಿಹಿಯೆಂದು ನಾಯಿ-ಬೆಕ್ಕು ನೆಕ್ಕಿದರೆ ಸಾಯುತ್ತವೆ. ಇಂಜಿನ್ ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಕುಕ್ಕರಿನ ಸೀಟಿ ಇಳಿಯುವ ಮುಂಚೆ ಮುಚ್ಚಳ ಎಳೆಯುವುದಕ್ಕಿಂತ ಅದು ಕೆಟ್ಟದ್ದು. ಸಿಹಿ ವಾಸನೆಯ ಜೊತೆ ಒಳಗಿನ ಗಾಜಿಗೆ ಜಿಡ್ಡಿನ ಮಂಜು ಕಟ್ಟಿ, ಕಾಲಡಿಯ ಹಾಸು ಒದ್ದೆಯಾಗಿದ್ದರೆ ಹೀಟರಿನ ಒಳಗಿನ ಪುಟ್ಟ ರೇಡಿಯೇಟರು ತೂತಾಗಿದೆ.

ಇನ್ನು ಬಯಲುಸೀಮೆಯ ಒಂದು ಮಾತು. ಡಿಸೆಂಬರ್, ಜನವರಿಯಲ್ಲಿ ತುಮಕೂರು, ಕೋಲಾರ, ಚಾಮರಾಜನಗರದ ಕಡೆ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಓಡಾಡುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಊರಿನ ಕಣಗಳು ಒಂದೊಂದಾಗಿ ಇಲ್ಲವಾದ ಮೇಲೆ ರೈತನಿಗೆ ಉಳಿದ ಗಟ್ಟಿ ನೆಲ ಅದೊಂದೇ, ಅವನ ಕಷ್ಟ ನನಗೆ ತಿಳಿಯುತ್ತದೆ. ಆದರೆ ಹುರುಳಿಯ ಬಳ್ಳಿ ಚಕ್ರದ ಆಕ್ಸಲ್ಲಿಗೆ, ಸೈಲೆನ್ಸರಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರಿನ ಮುಂಭಾಗದ ಕ್ಯಾಟಲಿಟಿಕ್ ಕನ್ವರ್ಟರು ನೂರಾರು ಡಿಗ್ರಿ ಕಾದಿರುತ್ತದೆ. ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟು ಸಾಲದೇ? ಹೀಗೆ ಹೊತ್ತಿಕೊಂಡು ಕಾರೇ ಸುಟ್ಟುಹೋದದ್ದುಂಟು. ಒಕ್ಕಣೆ ದಾಟಿದ ಮೇಲೆ ಸುಗ್ಗಿಯ ಬೆಂಕಿಯಂಥ, ಹುಲ್ಲು ಸುಟ್ಟ ವಾಸನೆ ಬಂದರೆ ಮುಂದಿನ ಊರಿನವರೆಗೆ ಕಾಯಬೇಡಿ. ಅಲ್ಲೇ ಇಳಿದು ಕೆಳಗೆ ಬಗ್ಗಿ ನೋಡಿ. ತೋಟದ ತರಗೆಲೆಯ ಮೇಲೆ ಬಿಸಿ ಕಾರನ್ನು ನಿಲ್ಲಿಸುವುದೂ ಇಷ್ಟೇ ಅಪಾಯ.

ಹುಲ್ಲು ಸುಟ್ಟ ವಾಸನೆಯೊಂದನ್ನು ಬಿಟ್ಟರೆ, ಇಷ್ಟು ಹೊತ್ತು ಹೇಳಿದ್ದಕ್ಕೆಲ್ಲ ಸ್ವಲ್ಪವಾದರೂ ಪುರುಸೊತ್ತು ಇದೆ. ಘಾಟಿಗೆ ಮಾತ್ರ ಇಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಸುಟ್ಟಾಗ ಬರುವ ಘಾಟು ಮೂಗಿಗಿಂತ ಮೊದಲು ಕಣ್ಣಿಗೆ, ಗಂಟಲಿಗೆ ತಾಗುತ್ತದೆ.

ನನ್ನ ಸ್ವಂತ ಕಾರಿನಲ್ಲಿ ಒಂದು ಮಳೆಗಾಲ ಆ ವಾಸನೆ ಬಂತು. ರಾತ್ರಿ ಮನೆಗೆ ಹೋಗುವಾಗ ಬರುತ್ತಿತ್ತು, ಬೆಳಿಗ್ಗೆ ಗ್ಯಾರೇಜಿನಲ್ಲಿ ಬಾನೆಟ್ಟು ತೆಗೆದು ನೋಡಿದರೆ ಏನೂ ಇಲ್ಲ. ಬೆಲ್ಟು ಬದಲಿಸಿದೆ, ಇಂಜಿನ್ನಿನ ಮೇಲೆ ಎಣ್ಣೆಯ ಪಸೆ ಇದೆಯೇ ಎಂದು ಬಟ್ಟೆಯಲ್ಲಿ ಒರೆಸಿ ನೋಡಿದೆ, ಇಲಿ ಗೂಡು ಕಟ್ಟಿದೆಯೇ ಎಂದು ಮೂಲೆಮೂಲೆ ತಡಕಿದೆ. ಎರಡು ವಾರ ಕಳೆಯಿತು. ಒಂದು ರಾತ್ರಿ ಮದುವೆಮನೆಯಿಂದ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವರು ಉಜಿರೆ ದಾಟುವಷ್ಟರಲ್ಲಿ ಮುಂದಕ್ಕೆ ಬಾಗಿ ಹೇಳಿದರು: 'ಇದು ಎಣ್ಣೆಯದ್ದಲ್ಲ ಮಗ, ರಬ್ಬರಿನದ್ದೂ ಅಲ್ಲ. ಒಲೆಗೆ ಪ್ಲಾಸ್ಟಿಕ್ ಬಳೆ ಬಿದ್ದರೆ ಹೀಗೇ ಬರುವುದು. ಹಗಲು ಹೋಗುವಾಗ ಇರಲಿಲ್ಲ, ನೀನು ದೀಪ ಹಾಕಿದ ಮೇಲೆ ಶುರುವಾಯಿತು.'

ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತ ಮೂಗು ಅದು. ಎಂಥದ್ದು, ಯಾವಾಗ, ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಿ, ದೀಪ ಆರಿಸಿ, ಬ್ಯಾಟರಿಯ ಕಪ್ಪು ವೈರನ್ನು ಕಳಚಿ, ಅಮ್ಮನನ್ನು ರಿಕ್ಷಾದಲ್ಲಿ ಮನೆಗೆ ಕಳಿಸಿದೆ. ಮರುದಿನ ಸ್ಟಿಯರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದರೆ, ಹೆಡ್‌ಲೈಟ್ ಸ್ವಿಚ್ಚಿನ ಬಿಳಿಯ ಕಪ್ಲರು ಕಂದಾಗಿ, ಒಂದು ಮೂಲೆ ಕರಗಿ ಇಳಿದಿತ್ತು.

ಕಾರಣ ಸರಳ. ಹಿಂದಿನ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಬೆಳಕು ಸಾಲದೆಂದು 60/55 ವ್ಯಾಟಿನ ಬಲ್ಬು ತೆಗೆಸಿ 100/90ರದ್ದು ಹಾಕಿಸಿದ್ದೆ. ಅಲ್ಲಿ ಸ್ವಿಚ್ಚಿನ ಮೇಲಿನ ಭಾರ ಇಳಿಸುವ ರಿಲೇ ಕೊಡದೆ ಹಳೆಯ ವೈರಿಗೇ ಸೇರಿಸಿಬಿಟ್ಟಿದ್ದರು, ನಾನೂ ಬಿಚ್ಚಿ ನೋಡಿರಲಿಲ್ಲ. 12 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆದರೆ 100ರದ್ದು ಎಂಟಕ್ಕಿಂತ ಹೆಚ್ಚು ಎಳೆಯುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ವಿದ್ಯುತ್ತು ಒಂದೂವರೆ ಪಟ್ಟು ಚಿಲ್ಲರೆಯಾದರೆ ವೈರಿನ ಕಾವು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಕಪ್ಲರಿನ ಒಂದು ಪಿನ್ನು ಮಳೆಯ ತೇವಕ್ಕೆ ಕಿಲುಬು ಹಿಡಿದಿತ್ತು, ಅಲ್ಲಿ ಕಾವು ಇನ್ನೂ ಹೆಚ್ಚು. ಕಪ್ಲರು ಬದಲಿಸಿ, ಹಳೆಯ ಬಲ್ಬನ್ನೇ ಹಾಕಿ, ಬ್ಯಾಟರಿಯಿಂದ ಬೇರೆಯೇ ಫ್ಯೂಸಿನೊಂದಿಗೆ ರಿಲೇ ಕೊಟ್ಟೆ. ಇಡೀ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಆ ಎರಡು ವಾರದಲ್ಲಿ ಯಾವ ದಿನ ಬೇಕಾದರೂ ಕಾರು ಹೊತ್ತಿ ಉರಿಯಬಹುದಿತ್ತು ಎಂಬುದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಫ್ಯೂಸುಗಳಿಗೆ ಬಣ್ಣ ಕೊಟ್ಟಿರುವುದು ಚಂದಕ್ಕಲ್ಲ. 10 ಆಂಪಿಯರಿನದ್ದು ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಪದೇ ಪದೇ ಹೋಗುವ ನೀಲಿಯ ಜಾಗಕ್ಕೆ ಹಸಿರನ್ನು ಹಾಕಿದರೆ, ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದ ಸುತ್ತಿ ತುರುಕಿದರೆ, ಫ್ಯೂಸಿನ ಬದಲು ವೈರೇ ಸುಡುತ್ತದೆ. ಹೆಚ್ಚುವರಿ ಹಾರನ್ನು, ಫಾಗ್ ಲ್ಯಾಂಪು, ಕ್ಯಾಮೆರಾ ಹಾಕಿಸುವಾಗ ಕೇಳಿ: ರಿಲೇ ಎಲ್ಲಿ, ಫ್ಯೂಸು ಎಲ್ಲಿ? ವೈರನ್ನು ಹಲ್ಲಿನಲ್ಲಿ ಸುಲಿದು ಹೊಸೆದು ಟೇಪು ಸುತ್ತುವವರ ಕೈಗೆ ಕಾರು ಕೊಡಬೇಡಿ.

ಘಾಟು ಬಂದರೆ ಒಂದು ಫರ್ಲಾಂಗೂ ಮುಂದೆ ಹೋಗಬೇಡಿ. ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ ಇಂಜಿನ್ನು ಆರಿಸಿ, ಎಲ್ಲರನ್ನೂ ಇಳಿಸಿ, ಮಕ್ಕಳನ್ನು ಮೊದಲು. ಹೊಗೆಯಿಲ್ಲದಿದ್ದರೆ ಬಾನೆಟ್ಟು ತೆರೆದು ಬ್ಯಾಟರಿಯ ಕಪ್ಪು ವೈರು, ಅಂದರೆ ನೆಗೆಟಿವ್, ಕಳಚಿ. ಬಹುತೇಕ ಕಾರುಗಳಲ್ಲಿ 10ನೇ ನಂಬರಿನ ಸ್ಪ್ಯಾನರು ಸಾಕು. ಬಾನೆಟ್ಟಿನ ಸಂದಿನಿಂದ ಹೊಗೆ ಬರುತ್ತಿದ್ದರೆ ಅದನ್ನು ತೆರೆಯಲೇಬೇಡಿ. ತೆರೆದ ಕೂಡಲೇ ಗಾಳಿ ನುಗ್ಗಿ, ಕನಲುತ್ತಿದ್ದದ್ದು ಭುಗಿಲೆನ್ನುತ್ತದೆ. ನೂರಡಿ ದೂರ ನಿಂತು 112ಕ್ಕೆ ಫೋನ್ ಮಾಡಿ. ಒಳಗೆ ಬಿಟ್ಟ ಬ್ಯಾಗಿಗಾಗಿ, ಪರ್ಸಿಗಾಗಿ ಹಿಂದಿರುಗಬೇಡಿ. ಹಸಿ ಪೆಟ್ರೋಲಿನ ವಾಸನೆಗೂ ಇದೇ ಮಾತು. ಅದು ಸುಟ್ಟ ವಾಸನೆಯಲ್ಲ, ಸುಡಲಿರುವುದರ ವಾಸನೆ.

ಈಗ ಗ್ಯಾರೇಜನ್ನು ನನ್ನ ಮಗ ನೋಡಿಕೊಳ್ಳುತ್ತಾನೆ. ಗೋಡೆಯ ಮೇಲೆ ಎರಡು ಪ್ರಶ್ನೆ ಬರೆಸಿದ್ದೇನೆ: ಎಂಥಾ ವಾಸನೆ? ಯಾವಾಗ ಬರುತ್ತದೆ? ಕಳೆದ ತಿಂಗಳು ಶಾಲೆಯ ಮೇಡಂ ಒಬ್ಬರು ಬಂದು, ಪ್ರಶ್ನೆಗೆ ಕಾಯದೆ ಹೇಳಿದರು: 'ನಿನ್ನೆ ವಡೆ ಕರಿದ ಎಣ್ಣೆಯನ್ನು ಇವತ್ತು ಮತ್ತೆ ಕಾಯಿಸಿದ ಹಾಗಿನ ಕಮರು. ಓಡುವಾಗ ಇಲ್ಲ. ರೈಲ್ವೆ ಗೇಟಿನಲ್ಲಿ ನಿಂತರೆ ಬರುತ್ತದೆ.' ಮಗ ನೇರವಾಗಿ ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಹಿಂಬದಿಗೆ ಟಾರ್ಚು ಬಿಟ್ಟ. ಕಾವಿಗೆ ಒಣಗಿ ಕಲ್ಲಾಗಿದ್ದ ಪ್ಯಾಕಿಂಗಿನಿಂದ ಎಣ್ಣೆ ಜಿನುಗಿ, ಕೆಳಗಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಹನಿಹನಿಯಾಗಿ ಬೀಳುತ್ತಿತ್ತು. ಓಡುವಾಗ ಗಾಳಿ ಅದರ ಹೊಗೆಯನ್ನು ಹಿಂದಕ್ಕೆ ಒಯ್ಯುತ್ತದೆ, ನಿಂತಾಗ ನೇರ ಮೇಲೆದ್ದು ಮುಂಗಾಜಿನ ಬುಡದಿಂದ ಒಳಗೆ ಬರುತ್ತದೆ. ಪ್ಯಾಕಿಂಗು ಬದಲಿಸಿ, ಮೆತ್ತಿದ್ದ ಎಣ್ಣೆಯನ್ನು ಒರೆಸಿ ಕೊಟ್ಟ. ಸಂದುಗಳಲ್ಲಿ ಉಳಿದದ್ದು ಸುಟ್ಟು ಹೋಗುವವರೆಗೆ ಒಂದೆರಡು ದಿನ ವಾಸನೆ ಇದ್ದೀತು, ಆಮೇಲೂ ಇದ್ದರೆ ಬನ್ನಿ ಎಂದು ಹೇಳಿ ಕಳಿಸಿದ.

ಮೂರನೆಯ ದಿನ ಅವರ ಫೋನ್ ಬಂತು. ಮೊದಲ ದಿನ ಇತ್ತಂತೆ, ಎರಡನೆಯ ದಿನ ಗೇಟಿನ ಹತ್ತಿರ ಎಳೆಯಷ್ಟು, ಆವತ್ತು ಬೆಳಿಗ್ಗೆ ಏನೂ ಇರಲಿಲ್ಲವಂತೆ.